ಕೆಂಪು ಗಾಡಿಯ ಮೋಹ

ಹದಿನೆಂಟರಲ್ಲಿ ಬರಬೇಕಾದ ಹುಚ್ಚು ಮೂವತ್ತೇಳರಲ್ಲಿ ಬಂದರೆ ಅದಕ್ಕೆ ಮದ್ದು ಹುಡುಕುವುದು ಕಷ್ಟ. ಹದಿನೆಂಟರವನ ಕೈಯಲ್ಲಿ ಕಾಸಿರುವುದಿಲ್ಲ; ಆದ್ದರಿಂದ ಅವನ ಹುಚ್ಚಿನಿಂದ ಯಾರಿಗೂ ಅಪಾಯವಿಲ್ಲ. ಮೂವತ್ತೇಳರವನಿಗಾದರೋ ಬ್ಯಾಂಕಿನವರು ಕರೆದು ಸಾಲ ಕೊಡುತ್ತಾರೆ. ನನ್ನ ಪ್ರಸಂಗದಲ್ಲಿ ನಡೆದುದು ಇದೇ.

ನಾನು ಚಾಮರಾಜನಗರದಲ್ಲಿ ವಾಸವಾಗಿದ್ದು ಗುಂಡ್ಲುಪೇಟೆಯ ಕಾಲೇಜಿನಲ್ಲಿ ಕನ್ನಡ ಪಾಠ ಹೇಳುವವನು. ಹೋಗಲು ಸುಮಾರು ಮೂವತ್ತೈದು ಕಿಲೋಮೀಟರು, ಬರಲು ಅಷ್ಟೇ. ಒಂಬತ್ತು ವರ್ಷ ಅತಿಥಿ ಉಪನ್ಯಾಸಕನಾಗಿ ದುಡಿದು ೨೦೨೪ರಲ್ಲಿ ಖಾಯಂ ಆದವನು. ಆ ಒಂಬತ್ತು ವರ್ಷಗಳಲ್ಲಿ ಎಷ್ಟೋ ತಿಂಗಳು ಸಂಬಳ ಬಾರದೆ, ನನ್ನ ಹೆಂಡತಿ ಸಂಜೆ ಮಕ್ಕಳಿಗೆ ಗಣಿತದ ಪಾಠ ಹೇಳಿ ಸಂಸಾರ ನಡೆಸಿದ್ದಾಳೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಏಕೆಂದರೆ ಮುಂದೆ ಬರುವ ಆರು ಲಕ್ಷ ರೂಪಾಯಿಯಲ್ಲಿ ಅರ್ಧಕ್ಕಿಂತ ಹೆಚ್ಚು ಅವಳದು.

ನಮ್ಮ ಬಳಿ ಈಗಾಗಲೇ ಒಂದು ಸಣ್ಣ ಕಾರಿದೆ. ಹನ್ನೊಂದು ವರ್ಷದ್ದು. ಏರಿಯಲ್ಲಿ ಉಬ್ಬಸ ಪಡುತ್ತದೆ, ಇಳಿಜಾರಿನಲ್ಲಿ ಉತ್ಸಾಹಗೊಳ್ಳುತ್ತದೆ. ಒಟ್ಟಿನಲ್ಲಿ ಅದರ ಸ್ವಭಾವ ಮನುಷ್ಯರದೇ. ಅದರ ಮೇಲೆ ನನಗೆ ಯಾವ ದೂರೂ ಇರಲಿಲ್ಲ. ಒಂದು ರಾತ್ರಿ ಪರೀಕ್ಷೆಯ ಉತ್ತರಪತ್ರಿಕೆ ತಿದ್ದಿ ಬೇಸರವಾಗಿ ಕೈಯಲ್ಲಿದ್ದ ಮೊಬೈಲಿನಲ್ಲಿ ಹಳೆಯ ಕಾರುಗಳ ಜಾಹೀರಾತು ನೋಡತೊಡಗಿದೆ. ಅಲ್ಲಿ ಕಂಡಿತು: ಸ್ಕೋಡಾ ಆಕ್ಟೇವಿಯಾ ಆರ್‌ಎಸ್ ೨೩೦, ೨೦೧೮ರದು, ಕೆಂಪು ಬಣ್ಣ, ಒಬ್ಬನೇ ಮಾಲೀಕ, ಹದಿನಾರು ಲಕ್ಷ.

ಇದು ಎಂತಹ ಗಾಡಿ ಎಂಬುದನ್ನು ವಾಚಕರಿಗೆ ವಿವರಿಸಬೇಕು. ನೋಡುವುದಕ್ಕೆ ಸಂಸಾರವಂದಿಗರ ಕಾರು. ನಾಲ್ಕು ಬಾಗಿಲು, ಹಿಂದಿನ ಡಿಕ್ಕಿಯಲ್ಲಿ ಐನೂರ ತೊಂಬತ್ತು ಲೀಟರು ಜಾಗ, ರಾಗಿಯ ಮೂಟೆಗಳನ್ನೇ ತುಂಬಬಹುದು. ಆದರೆ ಒಳಗಿರುವುದು ಪಂದ್ಯದ ಕುದುರೆ. ಎರಡು ಲೀಟರಿನ ಎಂಜಿನ್ನು, ಇನ್ನೂರ ಮೂವತ್ತು ಅಶ್ವಶಕ್ತಿ. ನಿಂತಲ್ಲಿಂದ ಗಂಟೆಗೆ ನೂರು ಕಿಲೋಮೀಟರು ವೇಗ ಮುಟ್ಟಲು ಏಳು ಸೆಕೆಂಡೂ ಬೇಡ. ಇದರ ಗುಟ್ಟು ಟರ್ಬೋ ಎಂಬ ಪುಟ್ಟ ಚಕ್ರದಲ್ಲಿದೆ. ಎಂಜಿನ್ನಿನಿಂದ ಹೊರಬೀಳುವ ಹೊಗೆ ಸುಮ್ಮನೆ ಹೋಗದೆ ಈ ಚಕ್ರವನ್ನು ತಿರುಗಿಸುತ್ತದೆ. ಚಕ್ರ ಹೊರಗಿನ ಗಾಳಿಯನ್ನು ಅದುಮಿ ಮತ್ತೆ ಎಂಜಿನ್ನಿಗೇ ತುಂಬುತ್ತದೆ. ಗಾಳಿ ಹೆಚ್ಚಿದಷ್ಟೂ ಪೆಟ್ರೋಲು ಹೆಚ್ಚು ಉರಿಯುತ್ತದೆ. ನಮ್ಮ ಕಡೆಯ ಆಲೆಮನೆಯಲ್ಲಿ ಕಬ್ಬಿನ ಸಿಪ್ಪೆಯನ್ನೇ ಒಲೆಗೆ ಹಾಕಿ ಕಬ್ಬಿನ ಹಾಲನ್ನು ಕಾಯಿಸುವುದಿಲ್ಲವೇ, ಹಾಗೆ. ೨೦೧೭ರಲ್ಲಿ ಈ ಗಾಡಿ ನಮ್ಮ ದೇಶಕ್ಕೆ ಬಂದಾಗ ಬೆಲೆ ಇಪ್ಪತ್ತನಾಲ್ಕೂವರೆ ಲಕ್ಷದ ಮೇಲಿತ್ತು. ೨೦೨೦ರಲ್ಲಿ ಬಂದ ಇದರ ತಮ್ಮ, ೨೪೫ ಎಂಬುದು, ಇಡೀ ದೇಶಕ್ಕೆ ಇನ್ನೂರೇ. ಹೀಗಾಗಿ ಹಳೆಯದಾದರೂ ಇವಕ್ಕೆ ಬೆಲೆ ಇಳಿಯದು.

ಮರುದಿನ ಊಟದ ಹೊತ್ತಿಗೆ ವಿಷಯ ಮಂಡಿಸಿದೆ. “ಇದನ್ನು ಸ್ಪೋರ್ಟ್ಸ್ ಸಲೂನ್ ಎನ್ನುತ್ತಾರೆ” ಎಂದೆ.

“ಸಲೂನಿಗೆ ಹೋದರೆ ತಲೆ ಬೋಳಿಸುತ್ತಾರೆ ಎಂದು ಗೊತ್ತು” ಎಂದಳು ನನ್ನವಳು. “ಆರ್‌ಎಸ್ ಎಂದರೇನು?”

“ರ್‍ಯಾಲಿ ಸ್ಪೋರ್ಟ್.”

“ನಾನು ರೂಪಾಯಿ ಎಂದುಕೊಂಡೆ.”

ಗಣಿತ ಕಲಿಸುವವರನ್ನು ಮದುವೆಯಾದವನು ಕಾವ್ಯದಿಂದ ವಾದ ಗೆಲ್ಲಲಾರ. ಕಾಗದದ ಮೇಲೆ ಅವಳು ಬರೆದ ಲೆಕ್ಕ ಹೀಗಿತ್ತು. ಕೈಯಲ್ಲಿರುವುದು ಆರು ಲಕ್ಷ, ಮಹಡಿಯ ಮೇಲೆ ಒಂದು ಕೋಣೆ ಕಟ್ಟಿಸಲೆಂದು ಕೂಡಿಟ್ಟದ್ದು. ಸಾಲ ಹತ್ತು ಲಕ್ಷ. ಐದು ವರ್ಷಕ್ಕೆ ತಿಂಗಳಿಗೆ ಇಪ್ಪತ್ತೆರಡು ಸಾವಿರದಷ್ಟು ಕಂತು. ಲೀಟರಿಗೆ ನೂರು ದಾಟಿದ ಪೆಟ್ರೋಲು. ಮಾರುವಾತನೇ ಒಪ್ಪಿಕೊಂಡಂತೆ ಲೀಟರಿಗೆ ಹತ್ತು ಕಿಲೋಮೀಟರು. ಕಾಲೇಜಿಗೆ ಹೋಗಿಬರಲು ತಿಂಗಳಿಗೆ ಹದಿನೇಳು ಸಾವಿರ. ಗೇರುಪೆಟ್ಟಿಗೆಯ ಎಣ್ಣೆಯನ್ನು ಅರವತ್ತು ಸಾವಿರ ಕಿಲೋಮೀಟರಿಗೊಮ್ಮೆ ಬದಲಿಸಬೇಕು, ಇದು ಅರವತ್ತೆರಡು ಸಾವಿರ ಓಡಿದೆ. ಬದಲಿಸಿದ್ದಕ್ಕೆ ರಸೀದಿ ಇದೆಯೇ? ಹಿಂದಿನ ಮಾಲೀಕನ ವಿಮೆಯಲ್ಲಿರುವ ರಿಯಾಯಿತಿ ಅವನ ಜೊತೆಗೇ ಹೋಗುತ್ತದೆ, ನಮಗೆ ಸಿಗದು. ವಿಮೆಯನ್ನು ಹದಿನಾಲ್ಕು ದಿನದೊಳಗೆ ನಮ್ಮ ಹೆಸರಿಗೆ ಮಾಡಿಸಬೇಕು. ಶೇಕಡ ಇಪ್ಪತ್ತು ಎಥನಾಲ್ ಬೆರೆತ ಪೆಟ್ರೋಲು ಬಂಕಿಗೆ ಬರುವ ಮೊದಲೇ ರೂಪುಗೊಂಡ ಎಂಜಿನ್ನು ಇದು, ಅದಕ್ಕೇನು ಹೇಳುತ್ತೀರಿ? ಇಷ್ಟೆಲ್ಲ ಅವಳು ಒಂದೇ ರಾತ್ರಿಯಲ್ಲಿ ಹೇಗೆ ತಿಳಿದುಕೊಂಡಳೆಂಬುದು ನನಗೆ ಇಂದಿಗೂ ಆಶ್ಚರ್ಯ. ಕೊನೆಗೆ ಕೇಳಿದಳು: “ಇದನ್ನು ಓಡಿಸುವುದು ಎಲ್ಲಿ?”

ಪ್ರಶ್ನೆ ನ್ಯಾಯವಾದದ್ದೇ. ನಮ್ಮ ಜಿಲ್ಲೆಯಲ್ಲಿ ವೇಗಪ್ರಿಯನಿಗೆ ದಿಕ್ಕಿಗೊಂದು ಹುಲಿ ಕಾದಿದೆ. ಗುಂಡ್ಲುಪೇಟೆಯಿಂದ ತೆಂಕಣಕ್ಕೆ ಬಂಡೀಪುರ: ಹೆಜ್ಜೆಗೊಂದು ಉಬ್ಬು, ರಾತ್ರಿ ಒಂಬತ್ತರಿಂದ ಬೆಳಗಿನ ಆರರವರೆಗೆ ೨೦೦೯ರಿಂದ ಸಂಚಾರ ನಿಷೇಧ. ಚಾಮರಾಜನಗರದಿಂದ ಸತ್ಯಮಂಗಲದ ಕಡೆಗೆ ಹೋದರೆ ದಿಂಬಂ ಘಾಟಿಯ ಇಪ್ಪತ್ತೇಳು ತಿರುವು, ಅಲ್ಲಿಯೂ ೨೦೨೨ರಿಂದ ರಾತ್ರಿ ನಿರ್ಬಂಧ. ಗೋಪಾಲಸ್ವಾಮಿ ಬೆಟ್ಟಕ್ಕಾದರೋ ಸ್ವಂತ ವಾಹನವನ್ನೇ ಬಿಡುವುದಿಲ್ಲ. ಬುಡದಲ್ಲಿ ನಿಲ್ಲಿಸಿ ಸರ್ಕಾರಿ ಬಸ್ಸು ಹತ್ತಬೇಕು. ಉಳಿದದ್ದು ೨೦೨೩ರಲ್ಲಿ ಉದ್ಘಾಟನೆಯಾದ ಮೈಸೂರು-ಬೆಂಗಳೂರು ಹೆದ್ದಾರಿ. ಅಲ್ಲಿ ನೂರರ ಮಿತಿ, ಮೇಲೆ ಕ್ಯಾಮರಾ. ಏಳು ಸೆಕೆಂಡಿನ ಸುಖಕ್ಕೆ ಹದಿನಾರು ಲಕ್ಷ ಎಂದಾಯಿತು.

ಆದರೂ ಮೋಹ ಬಿಡಲಿಲ್ಲ. ಅದರ ಮೂಲ ನನಗೆ ಗೊತ್ತಿತ್ತು. ನಮ್ಮ ತಂದೆ ಸಾರಿಗೆ ಸಂಸ್ಥೆಯ ಬಸ್ಸಿನಲ್ಲಿ ಮೂವತ್ತೊಂದು ವರ್ಷ ಚಾಲಕರಾಗಿದ್ದವರು. ಗೂಡಲೂರಿನ ಮೇಲೆ ಊಟಿಗೆ ಹೋಗುವ ಗಾಡಿ. ಬೇಸಗೆಯ ರಜೆಯಲ್ಲಿ ಎಂಜಿನ್ನಿನ ಬಿಸಿ ಪೆಟ್ಟಿಗೆಯ ಪಕ್ಕ ಕುಳಿತು, ಬೆಟ್ಟದ ತಿರುವಿನಲ್ಲಿ ಆ ದೊಡ್ಡ ಚಕ್ರವನ್ನು ಅವರು ಎರಡು ಕೈಯಲ್ಲಿ ತಿರುಗಿಸುವುದನ್ನು ನೋಡುತ್ತಿದ್ದ ಹುಡುಗ ನಾನು. ದೊಡ್ಡವನಾದ ಮೇಲೆ ಇವರಿಗಿಂತ ವೇಗವಾಗಿ ಓಡಿಸುತ್ತೇನೆ ಎಂದು ಅಂದೇ ನಿಶ್ಚಯಿಸಿದ್ದೆ. ಅಪಘಾತರಹಿತ ಚಾಲನೆಗೆಂದು ಅವರಿಗೆ ಕೊಟ್ಟ ಬೆಳ್ಳಿಯ ಪದಕ ಗೋಡೆಯ ಮೇಲಿದ್ದರೂ ನನ್ನ ಕಣ್ಣು ಆಗ ಅದರ ಕಡೆಗಿರಲಿಲ್ಲ.

ಇದರ ಮೇಲೆ ಆ ವಾರ ತರಗತಿಯಲ್ಲಿ ನಳನ ಕಥೆ ಬಂದಿತ್ತು. ಬಾಹುಕನ ವೇಷದ ನಳ ಋತುಪರ್ಣನ ರಥವನ್ನು ಹೊಡೆಯುತ್ತಾನೆ. ರಾಜನ ಉತ್ತರೀಯ ಜಾರಿ ಬಿದ್ದಿತು, ‘ನಿಲ್ಲಿಸು, ಎತ್ತಿಕೊಳ್ಳೋಣ’ ಎನ್ನುವಷ್ಟರಲ್ಲಿ ರಥ ಯೋಜನ ದೂರ ಬಂದಾಗಿತ್ತು. ವಿದ್ಯಾರ್ಥಿಗಳಿಗೆ ಇದನ್ನು ಹೇಳುವಾಗ ನನ್ನ ಕಂಠದಲ್ಲಿ ಎಂದೂ ಇಲ್ಲದ ಉತ್ಸಾಹವಿತ್ತು. ನನ್ನ ರಥ ಕೆಂಪಾಗಿತ್ತು.

ಪುಷ್ಯಮಾಸದ ಒಂದು ಭಾನುವಾರ ಮಾಲೀಕರು ಮೈಸೂರಿನಿಂದ ಗಾಡಿ ತಂದರು. ಸಜ್ಜನರಾದ ಒಬ್ಬ ಎಂಜಿನಿಯರು. ಹೊರದೇಶಕ್ಕೆ ಹೋಗುವುದರಿಂದ ಮಾರುತ್ತಿದ್ದರು. ಗೇರೆಣ್ಣೆಯ ರಸೀದಿಯೂ ಇತ್ತು. “ಒಂದು ಸುತ್ತು ಹೋಗಿಬರೋಣ” ಎಂದರು. ತಂದೆಯೂ ಅಂಗಿ ಹಾಕಿಕೊಂಡು ಹಿಂದೆ ಕುಳಿತರು. ತೆರಕಣಾಂಬಿ ದಾಟುವವರೆಗೆ ನಾನು ಸಾಧುವಾಗಿಯೇ ಓಡಿಸಿದೆ. ಮುಂದೆ ರಸ್ತೆ ನೇರವಾಗಿ ಬಿದ್ದಿತ್ತು. “ಒಮ್ಮೆ ಒತ್ತಿ ನೋಡಿ, ಸಾರ್” ಎಂದರು ಮಾಲೀಕರು.

ಒತ್ತಿದೆ. ಬೆನ್ನಿಗೆ ಯಾರೋ ಅಂಗೈ ಇಟ್ಟು ನೂಕಿದಂತಾಯಿತು. ಇಕ್ಕೆಲದ ಹೊಲಗಳು ಬಣ್ಣವಾಗಿ ಹರಿದವು. ಮೂವತ್ತು ವರ್ಷ ಹಿಂದಿನ ಆ ಹುಡುಗ ನನ್ನೊಳಗೆ ಎದ್ದು ನಗುತ್ತಿದ್ದುದು ನಿಜ, ಅದನ್ನು ಮುಚ್ಚಿಡಲಾರೆ. ಆಗ ಮುಂದೆ ರಸ್ತೆಯ ಮೇಲೆ ಕಂದುಬಣ್ಣದ ಹಾಸು ಕಂಡಿತು. ಹುರುಳಿ. ನಮ್ಮ ಕಡೆ ಕಣ ಮಾಡಲು ಜಾಗವಿಲ್ಲದವರು ಹುರುಳಿಯ ಗಿಡಗಳನ್ನು ರಸ್ತೆಗೆ ಹರಡುತ್ತಾರೆ. ಓಡಾಡುವ ವಾಹನಗಳೇ ಒಕ್ಕುತ್ತವೆ. ಪಕ್ಕದ ರಾಶಿಯ ಮರೆಯಿಂದ, ಕೈಯಲ್ಲಿ ಪೊರಕೆ ಹಿಡಿದು, ಬಾಗಿದ ಬೆನ್ನಿನ ಒಬ್ಬ ಅಜ್ಜಿ ಎದ್ದಳು.

ಬ್ರೇಕು ಒಳ್ಳೆಯದಿತ್ತು. ಅದೊಂದೇ ಆ ಕ್ಷಣದ ಪುಣ್ಯ. ಗಾಡಿ ಹುರುಳಿಯ ಅಂಚಿನ ಮೇಲೇರಿ, ಅಜ್ಜಿಯಿಂದ ನಾಲ್ಕು ಮಾರು ಈಚೆ ನಿಂತಿತು. ನನ್ನ ಕಾಲು ನಡುಗುತ್ತಿತ್ತು. ಯಾರೂ ಮಾತಾಡಲಿಲ್ಲ. ಅಜ್ಜಿ ಬೈಯುತ್ತಾಳೆಂದು ಕಾದೆ, ಬೈದಿದ್ದರೆ ಹಗುರವಾಗುತ್ತಿತ್ತು. ಅವಳು ಕಿಟಕಿಯ ಹತ್ತಿರ ಬಂದು ಕೈಯನ್ನು ಹಣೆಗೆ ಮರೆಮಾಡಿ ನೋಡಿ, “ಊಟಿಗಾ ಸ್ವಾಮಿ? ನಮ್ ಹುರುಳಿ ಮೇಲೇ ಹೋಗಿ, ಪರವಾಗಿಲ್ಲ. ವಸಿ ನಿಧಾನವಾಗಿ ಹೋಗಿ” ಎಂದಳು.

ಅವಳ ಕಣ್ಣಿಗೆ ನಾನು ಊಟಿ ನೋಡಲು ಹೊರಟ ಪರಸ್ಥಳದವನು. ವರ್ಷಗಟ್ಟಲೆ ಅದೇ ರಸ್ತೆಯಲ್ಲಿ ದಿನಕ್ಕೆರಡು ಸಲ ಹೋದವನು ನಾನು. ಅವಳ ಮೊಮ್ಮಗಳು ನನ್ನ ತರಗತಿಯಲ್ಲಿಯೇ ಕೂತಿದ್ದರೂ ಇರಬಹುದು.

ತಂದೆ ಇಳಿದರು. ಬಗ್ಗಿ ಗಾಡಿಯ ಕೆಳಗೆ ಕೈ ಹಾಕಿ, ಸಿಕ್ಕಿಕೊಂಡಿದ್ದ ಹುರುಳಿಯ ಬಳ್ಳಿಯನ್ನು ಎಳೆದೆಳೆದು ತೆಗೆದರು. ಒಣಗಿದ ಬಳ್ಳಿ ಹೊಗೆಕೊಳವೆಯ ಬಿಸಿಗೆ ತಗುಲಿದರೆ ಗಾಡಿಯೇ ಹೊತ್ತಿಕೊಳ್ಳುತ್ತದೆ ಎಂಬುದು ಅವರಿಗೆ ಗೊತ್ತು. ಆಮೇಲೆ ಅಜ್ಜಿಗೆ, “ಈ ಗಾಡಿ ಹುರುಳಿ ಮೇಲೆ ಹೋಗುವುದಿಲ್ಲ ಕಣಮ್ಮ, ತಗ್ಗು” ಎಂದು ಹೇಳಿ, ನನ್ನ ಕಡೆಗೆ ತಿರುಗಿ, “ಸ್ವಲ್ಪ ಸರಿ” ಎಂದರು. ಮಾಲೀಕರು ತಲೆಯಾಡಿಸಿದರು.

ಗುಂಡ್ಲುಪೇಟೆಯವರೆಗೆ ತಂದೆಯೇ ಓಡಿಸಿದರು. ವೇಗ ಐವತ್ತನ್ನು ದಾಟಲಿಲ್ಲ. ಇನ್ನೂರ ಮೂವತ್ತು ಕುದುರೆಗಳು ಅವರ ಕಾಲಕೆಳಗೆ ಸಾಕಿದ ಎತ್ತುಗಳಂತೆ ನಡೆದವು. ಉಬ್ಬು ಬಂದಲ್ಲಿ ಓರೆಯಾಗಿ ಹತ್ತಿಸಿದರು. ಕುರಿಯ ಹಿಂಡು ಬಂದಲ್ಲಿ ಹಾರನ್ನು ಮಾಡದೆ ಕಾದರು. ಬಸ್‌ನಿಲ್ದಾಣದ ಹತ್ತಿರ ಗೆರೆ ಎಳೆದಂತೆ ನಿಲ್ಲಿಸಿ, ಎಂಜಿನ್ನು ಆರಿಸಿ, ಸ್ವಲ್ಪ ಹೊತ್ತು ಚಕ್ರದ ಮೇಲೆ ಕೈಯಿಟ್ಟುಕೊಂಡೇ ಕುಳಿತಿದ್ದರು. ಚಹಾ ಕುಡಿಯುವಾಗ ನನಗೊಬ್ಬನಿಗೇ ಕೇಳುವಂತೆ, “ಗಾಡಿ ಬಹಳ ಒಳ್ಳೆಯದು. ಆದರೆ ನೀನು ರಸ್ತೆ ನೋಡುತ್ತಿದ್ದೆ. ರಸ್ತೆಯ ಪಕ್ಕ ನೋಡಬೇಕು” ಎಂದರು. ಮೂವತ್ತೊಂದು ವರ್ಷದ ಅನುಭವವನ್ನು ಅವರು ಹೇಳಿದ್ದು ಇಷ್ಟೇ ಮಾತಿನಲ್ಲಿ.

ಆ ರಾತ್ರಿ ಹೆಂಡತಿಗೆ ನಡೆದುದೆಲ್ಲವನ್ನೂ ಹೇಳಿದೆ. ಅವಳು ಲೆಕ್ಕದ ಕಾಗದವನ್ನು ಮತ್ತೆ ತೆಗೆಯಲಿಲ್ಲ. “ನಿಮ್ಮ ಮನಸ್ಸಿಗೆ ಬಂದಂತೆ ಮಾಡಿ” ಎಂದು ದೀಪ ಆರಿಸಿದಳು. ಕತ್ತಲೆಯಲ್ಲಿ ನಳನ ಕಥೆಯ ಉಳಿದರ್ಧ ನೆನಪಾಯಿತು. ಅಷ್ಟು ವೇಗದಿಂದ ಋತುಪರ್ಣ ಹೋದದ್ದು ದಮಯಂತಿಯ ಎರಡನೆಯ ಸ್ವಯಂವರಕ್ಕೆ. ಹೋಗಿ ನೋಡಿದರೆ ಕುಂಡಿನಪುರದಲ್ಲಿ ಸ್ವಯಂವರದ ಸುಳಿವೇ ಇರಲಿಲ್ಲ. ಅದು ನಳನನ್ನು ಹುಡುಕಲು ದಮಯಂತಿ ಹೂಡಿದ ಉಪಾಯ. ಇಲ್ಲದ ಸ್ವಯಂವರಕ್ಕೆ ಒಂದೇ ದಿನದಲ್ಲಿ ಹೋಗಿ ಮುಟ್ಟಿದ ರಾಜ! ಈ ಭಾಗವನ್ನು ನಾನು ತರಗತಿಯಲ್ಲಿ ಅವಸರದಲ್ಲಿ ದಾಟಿಸಿದ್ದೆ. ನನಗಾದರೂ ಅಷ್ಟು ಬೇಗ ತಲಪಬೇಕಾದ್ದು ಎಲ್ಲಿಗೆ? ಮೊದಲ ಪೀರಿಯಡ್ಡು ಹತ್ತು ಗಂಟೆಗೆ.

ಬೆಳಗ್ಗೆ ಮಾಲೀಕರಿಗೆ ಬೇಡವೆಂದು ತಿಳಿಸಿದೆ. ಅವರು ಬೇಸರಪಡಲಿಲ್ಲ. ನಮ್ಮ ಹಳೆಯ ಕಾರಿಗೆ ನಾಲ್ಕು ಹೊಸ ಟೈರು ಹಾಕಿಸಿದೆ. ಮಹಡಿಯ ಕೋಣೆಗೆ ಇಟ್ಟಿಗೆ ಬಂದು ಬಿದ್ದಿದೆ. ಮರುವಾರ ಅದೇ ಜಾಗದಲ್ಲಿ ಕಾರನ್ನು ಮೆಲ್ಲಗೆ ಹುರುಳಿಯ ಮೇಲೆ ಹಾಯಿಸಿ, ಆಚೆ ನಿಲ್ಲಿಸಿ, ಕೆಳಗೆ ಸಿಕ್ಕಿದ್ದ ಬಳ್ಳಿ ತೆಗೆದು ಮುಂದೆ ಹೋದೆ. ಅಜ್ಜಿ ಅಂದು ಕಾಣಲಿಲ್ಲ.

ಮೋಹ ಹೋಯಿತೇ ಎಂದರೆ, ಹೋಗಿದೆ ಎಂದು ಹೇಳುವಷ್ಟು ಧೈರ್ಯ ನನಗಿಲ್ಲ. ತಿಂಗಳ ಮೇಲೆ ಒಂದು ಸಂಜೆ ಜಗುಲಿಯಲ್ಲಿ ಕುಳಿತಿದ್ದಾಗ ತಂದೆ ಪತ್ರಿಕೆಯಿಂದ ಕಣ್ಣೆತ್ತದೆ ಕೇಳಿದರು:

“ಆ ಕೆಂಪು ಗಾಡಿ ಮಾರಿಹೋಯಿತೇನೋ?”