ಬೆಕ್ಕಿನ ವಾಸನೆ

ಗಂಧವು ಪೃಥಿವಿಯ ಗುಣವೆಂದೂ, ಸುರಭಿ ಅಸುರಭಿ ಎಂದು ಅದು ಎರಡು ಬಗೆಯೆಂದೂ ತರ್ಕಶಾಸ್ತ್ರವನ್ನು ನಾವು ಬಹುಕಾಲ ಹುಡುಗರಿಗೆ ಬಾಯಿಪಾಠ ಮಾಡಿಸಿದ್ದುಂಟು. ಅಸುರಭಿಯ ಅರ್ಥವನ್ನು ನಮಗೆ ಕಲಿಸಿದುದು ಚಾಮರಾಜನಗರದ ನಮ್ಮ ಮನೆಯ ಮುದಿ ಬೆಕ್ಕು.

ಅದು ನಡುಮನೆಯ ಮೂಲೆಯಲ್ಲಿ ಮೂತ್ರ ಮಾಡತೊಡಗಿತು. ಸಾಂಬ್ರಾಣಿ ಹಾಕಿದೆವು, ಎರಡು ವಾಸನೆಗಳಾದುವೇ ಹೊರತು ಒಂದೂ ಹೋಗಲಿಲ್ಲ. ಬೆಕ್ಕನ್ನು ಗುಂಡ್ಲುಪೇಟೆಯ ತಂಗಿಯ ಚೆಂಡುಹೂವಿನ ಹೊಲಕ್ಕೆ ಸಾಗಿಸುವುದೆಂದು ನಿಶ್ಚಯಿಸಿದೆವು. ಆಗ ನಮ್ಮ ಗೃಹಿಣಿಯು, “ಹತ್ತು ವರ್ಷ ಇಲ್ಲದ ಚಾಳಿ ಈಗೇಕೆ ಬಂತು? ಮೊದಲು ಪಶುವೈದ್ಯರಿಗೆ ತೋರಿಸಿ” ಎಂದಳು. ತೋರಿಸಿದರೆ ಮೂತ್ರಾಶಯದ ಉರಿಯೂತ! ಔಷಧದಿಂದ ಗುಣವಾಯಿತು.

ನೆಲದಲ್ಲಿ ಉಳಿದ ವಾಸನೆಗೆ ಅಲ್ಲಿ ಹಿಂಗಿದ ಮೂತ್ರದ ಶೇಷವು ಕಾರಣ. ಅದು ಬರಿಯ ನೀರಿನಿಂದ ಸುಲಭವಾಗಿ ಹೋಗದು. ತೇವ ತಾಕಿದೊಡನೆ ಮತ್ತೆ ನಾರುವುದು. ಅದನ್ನು ಒಡೆಯುವ ಎನ್‌ಜೈಮ್ ದ್ರಾವಣವನ್ನು ಅಂಗಡಿಯಿಂದ ತಂದು, ನೆಲ ನೆನೆಯುವಂತೆ ಸುರಿದು, ತಾನಾಗಿ ಒಣಗಲು ಬಿಡತಕ್ಕದ್ದು. ಬ್ಲೀಚಿಂಗ್ ಪುಡಿಯನ್ನು ಮೂತ್ರದ ಮೇಲೆ ಎಂದಿಗೂ ಹಾಕಕೂಡದು, ವಿಷವಾಯು ಏಳುವುದು. ಫೀನಾಲ್ ಬೆರೆತ ಫಿನಾಯಿಲು ಬೆಕ್ಕಿಗೇ ವಿಷ.

ಬೆಕ್ಕು ಈಗ ಅದೇ ಮೂಲೆಯಲ್ಲಿ ನಿದ್ರಿಸುತ್ತಿದೆ. ಮೂಕಪ್ರಾಣಿಯು ತನ್ನ ನೋವನ್ನು ಹೇಳಿಕೊಂಡ ಬಗೆ ಅದಾಗಿತ್ತು. ನಾವೋ, ಅದರ ಮೇಲೆ ಸಾಂಬ್ರಾಣಿಯ ಹೊಗೆ ಹಾಕುತ್ತಿದ್ದೆವು.