ಖಾರ ‘ಸ್ಲೈಟ್’ ಇರಲಿ

ಬೆಳಗಿನ ಆರೂವರೆ. ಟ್ರಿನಿಡಾಡ್‌ನ ರಾಜಧಾನಿ ಪೋರ್ಟ್ ಆಫ್ ಸ್ಪೇನ್‌. ವುಡ್‌ಬ್ರೂಕ್ ಬಡಾವಣೆಯ ಒಂದು ಮೂಲೆಯಲ್ಲಿ, ದೊಡ್ಡ ಛತ್ರಿಯ ಕೆಳಗಿನ ಗಾಡಿಯೆದುರು ನೀವು ಸಾಲಿನಲ್ಲಿ ನಿಂತಿದ್ದೀರಿ. ಬೆಂಗಳೂರಿನಲ್ಲಿ ಈಗ ಸಂಜೆ ನಾಲ್ಕು. ಇಲ್ಲಿನ ಗಡಿಯಾರ ಒಂಬತ್ತೂವರೆ ಗಂಟೆ ಹಿಂದೆ; ನಿದ್ದೆಗೆಟ್ಟ ಕಣ್ಣು ಉರಿಯುತ್ತಿದೆ, ಹೊಟ್ಟೆ ಮಾತ್ರ ಎಚ್ಚರವಾಗಿದೆ. ಗಾಡಿಯ ಪೆಟ್ಟಿಗೆಯ ಮುಚ್ಚಳ ತೆಗೆದಾಗಲೆಲ್ಲ ಅರಿಸಿನ, ಜೀರಿಗೆಯ ಬಿಸಿ ಪರಿಮಳ ಮುಖಕ್ಕೆ ರಾಚುತ್ತದೆ.

ನಿಮ್ಮ ಸರದಿ ಬಂತು. “ಟೂ ಡಬಲ್ಸ್” ಎನ್ನುತ್ತೀರಿ. ಗಾಡಿಯವನು ಕೈ ನಿಲ್ಲಿಸಿ ನಿಮ್ಮನ್ನೇ ನೋಡುತ್ತಾನೆ. “ಗುಡ್ ಮಾರ್ನಿಂಗ್” ಎಂದು ಅವನೇ ನಿಧಾನವಾಗಿ ಹೇಳುತ್ತಾನೆ. ನಿಮಗೆ ನಾಚಿಕೆಯಾಗುತ್ತದೆ. ದ್ವೀಪದ ಮೊದಲ ಪಾಠ ಇದು. ಅಂಗಡಿಯಾಗಲಿ, ಬ್ಯಾಂಕಾಗಲಿ, ವ್ಯಾನಾಗಲಿ, ಒಳಗೆ ಕಾಲಿಡುತ್ತಲೇ ಅಲ್ಲಿದ್ದವರಿಗೆಲ್ಲ ಒಂದು ನಮಸ್ಕಾರ ಹೇಳಬೇಕು. ಕೆಲಸದ ಮಾತು ಆಮೇಲೆ.

“ಪೆಪ್ಪರ್?” ಎರಡನೇ ಪಾಠ. ಗುಂಟೂರು ಮೆಣಸಿನಕಾಯಿ ಜೀರ್ಣಿಸಿಕೊಂಡವರು ನಾವು ಎಂಬ ಜಂಬ ಬೇಡ, “ಸ್ಲೈಟ್” ಅನ್ನಿ. ಕಾಗದದ ಮೇಲೆ ಮೆತ್ತನೆಯ ಎರಡು ‘ಬಾರಾ’, ನಡುವೆ ಗೊಜ್ಜಿನಂಥ ಕಡಲೆ, ಹುಣಸೆ, ಸೌತೆ. ಪೂರಿಯೂ ಅಲ್ಲ, ಭಟೂರವೂ ಅಲ್ಲ. ಸ್ಲೈಟ್ ಎಂದರೂ ಕಿವಿ ಬಿಸಿಯಾಗುತ್ತದೆ. ನಿಂತಲ್ಲೇ, ಬೆರಳಿನಲ್ಲೇ ತಿನ್ನಬೇಕು. ಸಸ್ಯಾಹಾರಿಗಳಿಗೆ ಇದಕ್ಕಿಂತ ಭದ್ರವಾದ ಊಟ ಈ ದೇಶದಲ್ಲಿಲ್ಲ.

ಚಿಲ್ಲರೆ ಎಣಿಸುವಾಗ ನೆನಪಿರಲಿ: ಫಲಕದ ಮೇಲಿನ ಡಾಲರ್ ಚಿಹ್ನೆ ಅಮೆರಿಕದ್ದಲ್ಲ, ‘ಟಿಟಿ’ ಡಾಲರ್. ಒಂದು ಅಮೆರಿಕನ್ ಡಾಲರಿಗೆ ಹತ್ತಿರ ಹತ್ತಿರ ಏಳು ಟಿಟಿ. ಕಾರು ಗೊತ್ತುಮಾಡುವಾಗ ಯಾವ ಡಾಲರ್ ಎಂದು ಮೊದಲೇ ಕೇಳದಿದ್ದರೆ ಬಾಡಿಗೆ ಏಳು ಪಟ್ಟು ಆದೀತು.

ತಂಗಿದ ಮನೆಗೆ ಹಿಂತಿರುಗುತ್ತೀರಿ. ಮಗ ಮಿಲಿಟರಿ ಬಣ್ಣದ ಚಡ್ಡಿ ಹಾಕಿಕೊಂಡು ಸಿದ್ಧನಾಗಿದ್ದಾನೆ. ಮನೆಯೊಡತಿ ಬಾಗಿಲಲ್ಲೇ ತಡೆಯುತ್ತಾರೆ: “ಅದನ್ನು ಬದಲಿಸಪ್ಪ, ಪೊಲೀಸರು ಹಿಡಿಯುತ್ತಾರೆ.” ತಮಾಷೆಯಲ್ಲ. ಸೈನಿಕರ ಬಣ್ಣದ ಬಟ್ಟೆಯನ್ನು ಸಾಮಾನ್ಯರು ತೊಡುವುದು ಇಲ್ಲಿ ಅಪರಾಧ, ಕೂಸಿನ ಟೋಪಿಯಾದರೂ ಸರಿ. ನಿಮ್ಮ ಚಾರ್ಜರ್‌ನ ದುಂಡು ಕಡ್ಡಿಗಳೂ ಗೋಡೆಯ ಚಪ್ಪಟೆ ತೂತಿಗೆ ಹೋಗುತ್ತಿಲ್ಲ. ಇಲ್ಲಿರುವುದು ಅಮೆರಿಕದ ಮಾದರಿಯ ಪ್ಲಗ್ಗು.

ಬಿಸಿಲೇರುವ ಮೊದಲು ಕ್ವೀನ್ಸ್ ಪಾರ್ಕ್ ಓವಲ್‌ವರೆಗೆ ನಡೆಯುತ್ತೀರಿ. ಸ್ಟ್ಯಾಂಡುಗಳ ಹಿಂದೆ ಹಸಿರು ಬೆಟ್ಟಸಾಲು ಕೈಗೆಟಕುವಂತೆ ನಿಂತಿದೆ. 1976ರ ಏಪ್ರಿಲ್‌ನಲ್ಲಿ 403 ರನ್ ಬೆನ್ನಟ್ಟಿದ ಭಾರತ ನಾಲ್ಕೇ ವಿಕೆಟ್ ಕಳೆದುಕೊಂಡು ಗೆದ್ದದ್ದು ಇದೇ ಹುಲ್ಲಿನ ಮೇಲೆ. ಗಾವಸ್ಕರ್ 102, ನಮ್ಮ ಗುಂಡಪ್ಪ ವಿಶ್ವನಾಥ್ 112, ಕೊನೆಗೆ ಕ್ರೀಸಿನಲ್ಲಿ ಉಳಿದ ಬ್ರಿಜೇಶ್ ಪಟೇಲ್ 49. ಕಾವಲುಗಾರನಿಗೆ ಮೊದಲು ಗುಡ್ ಮಾರ್ನಿಂಗ್ ಹೇಳಿ ಆಮೇಲೆ ವಿಶಿಯ ಹೆಸರು ಹೇಳಿ ನೋಡಿ. ಮಾತು ಬೇಗ ಮುಗಿಯುವುದಿಲ್ಲ.

ಮುಂದೆ ಸಿಟಿ ಗೇಟ್ ನಿಲ್ದಾಣ. ಬಿಳಿ ವ್ಯಾನುಗಳು, ಪಕ್ಕದಲ್ಲಿ ಬಣ್ಣದ ಪಟ್ಟಿ: ಇವೇ ಮ್ಯಾಕ್ಸಿ ಟ್ಯಾಕ್ಸಿ. ಹಳದಿ ಪಟ್ಟಿ ನಗರದ ಪಶ್ಚಿಮಕ್ಕೆ, ಕೆಂಪು ಪೂರ್ವಕ್ಕೆ, ಹಸಿರು ದಕ್ಷಿಣಕ್ಕೆ. ನೀವು ಹಸಿರು ಪಟ್ಟಿಯದನ್ನು ಹತ್ತಿ ಶಗ್ವಾನಸ್‌ನಲ್ಲಿ ಇಳಿಯುತ್ತೀರಿ. ಅಲ್ಲಿಂದ ಕಾರು. ನಂಬರ್ ಪ್ಲೇಟು ‘ಎಚ್’ ಅಕ್ಷರದಿಂದ ಶುರುವಾದರೆ ಅದು ಪರವಾನಗಿಯ ಬಾಡಿಗೆ ಗಾಡಿ. ‘ಪಿ’ ಎಂದಿದ್ದರೆ ಖಾಸಗಿ ಕಾರು. ಕೈಬೀಸಿ ಕರೆದರೂ ಹತ್ತಬೇಡಿ.

ಕಬ್ಬು ಬೆಳೆದಿದ್ದ ಬಯಲು ಇದು. 1845ರ ಮೇ 30ರಂದು ‘ಫತೆಲ್ ರಜಾಕ್’ ಹಡಗು ಭಾರತದ ಮೊದಲ ಕೂಲಿಗಳನ್ನು ಈ ದ್ವೀಪಕ್ಕೆ ಇಳಿಸಿತು. ಮನೆಗಳ ಮುಂದೆ ಬಿದಿರಿಗೆ ಕಟ್ಟಿದ ಬಣ್ಣಬಣ್ಣದ ಝಂಡಿ ಧ್ವಜಗಳು, ಗೇಟಿನ ಮೇಲೆ ಹಿಂದೂ ಹೆಸರುಗಳು. ಕಾರಪಿಚೈಮಾದಲ್ಲಿ 85 ಅಡಿಯ ಹನುಮಂತ ಎದುರಾಗುತ್ತಾನೆ. ಪ್ರತಿಷ್ಠೆ 2003ರಲ್ಲಿ, ನಮ್ಮ ಮೈಸೂರಿನ ಗಣಪತಿ ಸಚ್ಚಿದಾನಂದ ಆಶ್ರಮದವರಿಂದ. ಊರಿಗೇ ಬಂದೆವೇನೋ ಎನ್ನಿಸುತ್ತದೆ. ಆ ಭ್ರಮೆಯಲ್ಲಿ “ನೀವು ಇಂಡಿಯಾದಲ್ಲಿ ಎಲ್ಲಿಯವರು?” ಎಂದು ಯಾರನ್ನೂ ಕೇಳಬೇಡಿ. ಐದಾರು ತಲೆಮಾರಿನಿಂದ ಅವರು ಇಲ್ಲಿಯವರು.

ವಾಟರ್‌ಲೂ ತೀರದಲ್ಲಿ ಸಮುದ್ರದೊಳಕ್ಕೆ ಚಾಚಿದ ಕಾಲುದಾರಿ, ತುದಿಯಲ್ಲಿ ಎಂಟು ಮೂಲೆಯ ಬಿಳಿ ದೇಗುಲ. ಸಿಯೂದಾಸ್ ಸಾಧು ಎಂಬ ಕಬ್ಬಿನ ಕೂಲಿ 1947ರಲ್ಲಿ ದಡದ ಮೇಲೆ ಗುಡಿ ಕಟ್ಟಿದ. ನೆಲ ಸಕ್ಕರೆ ಕಂಪನಿಯದು. ಗುಡಿ ಕೆಡವಿಸಿದರು, ಅವನನ್ನು ಜೈಲಿಗೆ ಹಾಕಿದರು. ಸಮುದ್ರಕ್ಕೆ ಒಡೆಯರಿಲ್ಲವಲ್ಲ ಎಂದು ಅವನು ಸೈಕಲ್ ಮೇಲೆ ಕಲ್ಲುಮಣ್ಣು ಹೊತ್ತು, ಕಾಲು ಶತಮಾನ ನೀರನ್ನೇ ತುಂಬಿದ. ಈಗಿರುವುದು 1990ರ ದಶಕದಲ್ಲಿ ಮತ್ತೆ ಕಟ್ಟಿದ್ದು. ಚಪ್ಪಲಿ ಬಿಟ್ಟು ಒಳಗೆ ಹೋಗುತ್ತೀರಿ. ಗಾಳಿಯಲ್ಲಿ ಉಪ್ಪು ಮತ್ತು ಕರ್ಪೂರ. ಪಕ್ಕದ ದಡದಲ್ಲಿ ಹೊಗೆಯೇಳುತ್ತಿದೆ. ಅದು ಸ್ಮಶಾನ, ಕ್ಯಾಮೆರಾ ಕೆಳಗಿಳಿಸಿ.

ನಾಲ್ಕಕ್ಕೆ ಸರಿಯಾಗಿ ಕರೋನಿ ಜೌಗಿನಲ್ಲಿ ದೋಣಿ ಹತ್ತುತ್ತೀರಿ. ಕಾಂಡ್ಲಾ ಕಾಡಿನ ಕಂದು ಕಾಲುವೆ. ನೆತ್ತಿಯ ಮೇಲಿನ ಕೊಂಬೆಯಲ್ಲಿ ಸುರುಳಿ ಸುತ್ತಿದ ಹಾವನ್ನು ದೋಣಿಯವನು ಬೆರಳು ಮಾಡಿ ತೋರಿಸುತ್ತಾನೆ. ಅದು ಮಿಸುಕುವುದಿಲ್ಲ, ನೀವು ಮಿಸುಕುತ್ತೀರಿ. ಬಯಲು ನೀರಿಗೆ ಬಂದು ಎಂಜಿನ್ ಆರುತ್ತದೆ. ಹೊತ್ತಿಳಿಯುತ್ತಿದ್ದಂತೆ ಮೊದಲು ಮೂರು, ಆಮೇಲೆ ಮೂವತ್ತು, ಆಮೇಲೆ ಎಣಿಕೆಯೇ ಇಲ್ಲ: ದೇಶದ ಹಕ್ಕಿ ಸ್ಕಾರ್ಲೆಟ್ ಐಬಿಸ್, ರಂಗನತಿಟ್ಟಿನ ಬಿಳಿ ಐಬಿಸ್‌ನ ದಾಯಾದಿ. ಮರಿಯಿದ್ದಾಗ ಬೂದುಕಂದು, ಜೌಗಿನ ಏಡಿ, ಸಿಗಡಿ ತಿಂದೇ ಈ ಬಣ್ಣ. ಹಸಿರು ದ್ವೀಪವೊಂದು ಕಣ್ಣೆದುರೇ ಮುತ್ತುಗದ ಮರದಂತೆ ಹೂಬಿಡುತ್ತದೆ. ಫೋನಿನಲ್ಲಿ ಅವು ಬರೀ ಕೆಂಪು ಚುಕ್ಕೆ. ದುರ್ಬೀನು ತನ್ನಿ.

ದಡಕ್ಕೆ ಬರುವಾಗ ಕತ್ತಲು. ಹೆದ್ದಾರಿಯಲ್ಲಿ ನಿಂತು ಮ್ಯಾಕ್ಸಿಗೆ ಕಾಯುವ ಹೊತ್ತಲ್ಲ ಇದು. ಈ ದೇಶದಲ್ಲಿ ಅಪರಾಧದ ಸುದ್ದಿ ಸುಳ್ಳಲ್ಲ. ಬೆಳಿಗ್ಗೆಯೇ ಗೊತ್ತುಮಾಡಿದ್ದ ಕಾರು ಕಾಯುತ್ತಿದೆ. “ಗುಡ್ ನೈಟ್” ಎನ್ನುತ್ತಾ ಚಾಲಕ ಬಾಗಿಲು ತೆಗೆಯುತ್ತಾನೆ. ಕತ್ತಲಾದ ಮೇಲೆ ಇಲ್ಲಿ ಅದು ಬೀಳ್ಕೊಡುಗೆಯಲ್ಲ, ಸ್ವಾಗತ. ನೀವೂ ಹಾಗೇ ಅನ್ನಿ.

ಸೀಟಿನಲ್ಲಿ ಕೂತು ಕಾಲು ಕೆರೆದುಕೊಳ್ಳುತ್ತೀರಿ. ಸೊಳ್ಳೆ. ಟ್ರಿನಿಡಾಡ್ ಹಳದಿ ಜ್ವರದ ಪಟ್ಟಿಯಲ್ಲಿರುವ ದ್ವೀಪ. ಇಲ್ಲಿಂದ ಭಾರತಕ್ಕೆ ಮರಳುವವರ ಕೈಯಲ್ಲಿ ಲಸಿಕೆಯ ಹಳದಿ ಕಾರ್ಡ್ ಇಲ್ಲದಿದ್ದರೆ ಆರು ದಿನದವರೆಗೂ ಪ್ರತ್ಯೇಕವಾಗಿ ಇರಿಸುತ್ತಾರೆ. ಲಸಿಕೆ ಬೆಂಗಳೂರಿನಲ್ಲೇ ಸಿಗುತ್ತದೆ, ಒಮ್ಮೆ ಹಾಕಿಸಿಕೊಂಡರೆ ಜೀವಮಾನಕ್ಕೆ ಸಾಕು; ಆದರೆ ಹತ್ತು ದಿನ ಕಳೆಯದೆ ಕಾರ್ಡಿಗೆ ಬೆಲೆಯಿಲ್ಲ. ಟಿಕೆಟ್ ತೆಗೆಸುವ ಮೊದಲು ಸೂಜಿ ಹಾಕಿಸಿಕೊಳ್ಳಿ.