ಮೂಗಿನ ಪರೀಕ್ಷೆ

ಕುಡಿತದ ವಿಷಯದಲ್ಲಿ ನಾನು ಶುದ್ಧ ಅನನುಭವಿ. ಅಂಥವನನ್ನು ಅಳಿಯ ವೈನಿನ ಪರೀಕ್ಷೆಗೆ ಕೂರಿಸಿದನೆಂದರೆ ಓದುಗರು ನಕ್ಕಾರು. ಆದದ್ದು 2022ರ ಸೆಪ್ಟೆಂಬರಿನಲ್ಲಿ, ಅಮೆರಿಕದ ನಾರ್ತ್ ಕ್ಯಾರೊಲೈನದಲ್ಲಿರುವ ಮಗಳ ಮನೆಯಲ್ಲಿ. ಮೂರು ಸೀಸೆಗಳಿಗೆ ಕಾಗದದ ಚೀಲ ತೊಡಿಸಿ, ಮೂರು ಲೋಟಗಳಿಗೆ ಒಂದೊಂದು ಗುಟುಕು ಕೆಂಪು ವೈನು ಸುರಿದು, “ಮಾವ, ಯಾವ ದ್ರಾಕ್ಷಿ ಹೇಳಿ ನೋಡೋಣ” ಎಂದ.

ಮನೆಯಲ್ಲಿ ಯಾರಿಗೂ ತಿಳಿಯದ ಗುಟ್ಟೊಂದಿತ್ತು. 2021ರ ಮೇ ತಿಂಗಳಲ್ಲಿ ಕೋವಿಡ್ ಬಂದು ಹೋದ ಮೇಲೆ ನನ್ನ ಮೂಗು ಕನ್ನಡಕ ಕೂರಿಸುವ ಗೂಟವಷ್ಟೇ ಆಗಿತ್ತು. ಇಂಗಿಲ್ಲ, ಕಾಫಿಯಿಲ್ಲ, ಮೊದಲ ಮಳೆಯ ಮಣ್ಣೂ ಇಲ್ಲ. ಮಗಳು ಸಾರು ಬಡಿಸಿದಾಗಲೆಲ್ಲ “ಘಮ್ಮೆನ್ನುತ್ತದೆ” ಎಂದು ಸುಳ್ಳು ಹೇಳುತ್ತಿದ್ದೆ.

ಮೊದಲೆರಡು ಲೋಟ ನನಗೆ ಬಣ್ಣದ ಹುಳಿನೀರು. ಮೂರನೆಯದನ್ನು ಮೂಗಿನ ಬಳಿ ತಂದಾಗ ಏನೋ ಸುಳಿಯಿತು. ಮತ್ತೆ ತಂದೆ. ಹೌದು! ದೊಡ್ಡಬಳ್ಳಾಪುರದ ಸೋದರಮಾವನ ತೋಟ, ಚಪ್ಪರದ ನೆರಳು, ಬಿದಿರು ಬುಟ್ಟಿಯಲ್ಲಿ ಬಿಸಿಲಿಗೆ ಬೆಚ್ಚಗಾದ ಕಪ್ಪು ಹಣ್ಣು. “ಬೆಂಗಳೂರು ಬ್ಲೂ!” ಎಂದು ಕೂಗಿಬಿಟ್ಟೆ.

ಎಲ್ಲರೂ ನಕ್ಕರು. ಅಳಿಯ ಚೀಲ ಕಳಚಿದ. ಅದು ಮಸ್ಕಡೈನ್ ಎಂಬ ಆ ಸೀಮೆಯ ದ್ರಾಕ್ಷಿ. ತಳಿಯ ಹೆಸರು ನೋಬಲ್, 1971ರಲ್ಲಿ ಅದೇ ರಾಜ್ಯದಲ್ಲಿ ಬಿಡುಗಡೆಯಾದದ್ದು. ಯುರೋಪಿನ ದ್ರಾಕ್ಷಿಗೆ 19 ಜೋಡಿ ವರ್ಣತಂತುಗಳಿದ್ದರೆ ಇದಕ್ಕೆ 20. ದೊಡ್ಡ ಗೊಂಚಲು ಕಟ್ಟದೆ, ನೇರಳೆಯಂತೆ ಬಿಡಿಬಿಡಿಯಾಗಿ ಕಳಿತು ಉದುರುತ್ತದಂತೆ. ಬಲ್ಲವರು ಲೋಟ ಬಾಗಿಸಿ ಅಂಚಿನ ಬಣ್ಣವನ್ನೂ ನೋಡುತ್ತಾರೆ. ಮಸ್ಕಡೈನಿನ ಕೆಂಪು ಬೇಗ ಕಂದಿಗೆ ತಿರುಗುತ್ತದೆ. ನನ್ನದು ತೀರ ದೂರದ ತಪ್ಪಲ್ಲವೆಂದು ಅಳಿಯ ಸಮಾಧಾನವನ್ನೂ ಹೇಳಿದ. ನಮ್ಮ ಬೆಂಗಳೂರು ಬ್ಲೂವಿನ ಹುಟ್ಟಿನಲ್ಲೂ ಅಮೆರಿಕದ ಕಾಡುದ್ರಾಕ್ಷಿಯ ಪಾಲಿದೆ. ಆ ವಾಸನೆಗೆ ಅಲ್ಲಿನವರು ನರಿಯ ಹೆಸರಿಟ್ಟಿದ್ದಾರೆ. ನರಿಗೂ ದ್ರಾಕ್ಷಿಗೂ ಹಳೆಯ ನಂಟು ತಾನೆ!

ಇದೆಲ್ಲ ಆಮೇಲೆ ಕೇಳಿ ತಿಳಿದದ್ದು. ಆಗ ನನಗೆ ಯಾವ ಮಾತೂ ಕಿವಿಗೆ ಬೀಳಲಿಲ್ಲ. ಹದಿನಾರು ತಿಂಗಳು!

“ಸೋತು ಯಾಕಪ್ಪ ನಗ್ತೀಯ?” ಎಂದಳು ಮಗಳು. ಬರಿದಾದ ಲೋಟವನ್ನು ನಾನಿನ್ನೂ ಮೂಗಿನಿಂದ ತೆಗೆದಿರಲಿಲ್ಲ. ಉತ್ತರಕ್ಕೆ ಕಾಯದೆ ಅವಳು ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ಸಾಸಿವೆ ಚಟಪಟ ಎಂದಿತು. ಒಗ್ಗರಣೆಯೂ ಬಂದೀತೇನೋ ಎಂದು ಎದ್ದು ಅಡಿಗೆಮನೆಗೆ ನಡೆದೆ.